ಕೆಡಲೊಲ್ಲದ ಶ್ರೆಡ್ಡರ್

“ಇದಾ? ಆಗಲ್ಲಪ್ಪ,” ಅಂದ ರಿಪೇರಿ ಅಂಗಡಿಯವನು, ತಲೆ ಎತ್ತದೆ. ಆಮೇಲೆ ಎತ್ತಿದ. ಎದುರಿಗೆ ಕಾಗದ ಚೂರು ಮಾಡುವ ಶ್ರೆಡ್ಡರ್ ಅವುಚಿಕೊಂಡು ಒಬ್ಬ ಹೆಂಗಸು ನಿಂತಿದ್ದಳು. ಮೂಗಿನ ತುದಿಯಲ್ಲಿ ಬೆವರು, ಕೂದಲಲ್ಲಿ ಕಾಗದದ ನಾಲ್ಕೈದು ಚೂರು.

“ಅಪ್ಪ ಅಂತ ಕರೆಸ್ಕೊಳ್ಳೋಕೆ ನನಗಿನ್ನೂ ಮೀಸೆ ಬಂದಿಲ್ಲ,” ಅಂದಳು.

“ತಪ್ಪಾಯ್ತು ಮೇಡಂ. ಬಾಯಿಗೆ ಬಂದ್ಬಿಡುತ್ತೆ.”

ಆ ಬೀದಿಯಲ್ಲಿ ಅವನಿಗಿದ್ದ ಹೆಸರೇ ಆಗಲ್ಲಪ್ಪ. ಅಗ್ಗದ ಫ್ಯಾನು, ಪ್ರಿಂಟರು, ಶ್ರೆಡ್ಡರು ಏನೇ ತಂದರೂ ಬಿಚ್ಚಿ ನೋಡಿ, ಇದು ಬಾಳುತ್ತದೋ ಇಲ್ಲವೋ ಮುಖಕ್ಕೆ ಹೊಡೆದಂತೆ ಹೇಳುತ್ತಿದ್ದ. ಸುಳ್ಳು ಬಾರದ ಮನುಷ್ಯ. ನಲವತ್ತು ದಾಟಿದರೂ ಒಂಟಿಯಾಗಿ ಉಳಿದದ್ದಕ್ಕೆ ಅದೂ ಒಂದು ಕಾರಣ ಅಂತ ಅವನ ಅಕ್ಕ ಗೊಣಗುತ್ತಿದ್ದಳು.

ಬಂದವಳು ಎರಡು ಬೀದಿ ಆಚೆ, ಮನೆಯಲ್ಲೇ ಆಫೀಸು ಇಟ್ಟುಕೊಂಡಿದ್ದ ಲಾಯರೊಬ್ಬರ ತಂಗಿ. ಅಣ್ಣನ ಮನೆಯಲ್ಲೇ ವಾಸ. ಅಣ್ಣನ ಟೈಪಿಂಗು, ಅಣ್ಣನ ಫೈಲು ಎಲ್ಲ ಅವಳದೇ. ಮುಗಿದ ಕೇಸುಗಳ ಪ್ರತಿಗಳನ್ನು ಚೂರು ಮಾಡುವುದೂ ಅವಳ ಪಾಲಿಗೇ ಬಿದ್ದಿತ್ತು. ಹೊಸ್ತಿಲು ದಾಟಬೇಕಾದರೆ ಏನಾದರೊಂದು ಕೆಲಸ ಇರಬೇಕು. ಸುಮ್ಮನೆ ಹೋಗಿ ಬರ್ತೀನಿ ಅಂದರೆ ಅತ್ತಿಗೆಯ ಹುಬ್ಬು ಮೇಲೇರುತ್ತಿತ್ತು.

ಅವನು ಬಿಚ್ಚಿ ತೋರಿಸಿದ. “ನೋಡಿ, ಬ್ಲೇಡು ಉಕ್ಕು. ಮೋಟಾರೂ ಪರವಾಗಿಲ್ಲ. ಮಧ್ಯೆ ಇರೋ ಈ ಗಿಯರ್ ಮಾತ್ರ ಪ್ಲಾಸ್ಟಿಕ್. ಹಲ್ಲು ಉದುರಿದೆ. ಅಗ್ಗದ ಶ್ರೆಡ್ಡರಲ್ಲಿ ಮೊದಲು ಸಾಯೋದೇ ಇದು.”

“ಗಟ್ಟಿ ಇರೋರ ನಡುವೆ ಸಿಕ್ಕಿಹಾಕ್ಕೊಂಡಿದೆ, ಪಾಪ.”

ಅವನು ಅವಳನ್ನು ಸರಿಯಾಗಿ ನೋಡಿದ್ದು ಆಗಲೇ.

ಹೊಸ ಪ್ಲಾಸ್ಟಿಕ್ ಗಿಯರ್ ಹಾಕಿ, ರದ್ದಿ ಹಾಳೆ ಕೊಟ್ಟು ಓಡಿಸಿದ. ಎರಡು ನಿಮಿಷಕ್ಕೆ ಯಂತ್ರ ಬಿಸಿಯಾಗಿ ತಾನೇ ನಿಂತಿತು. “ಇನ್ನು ಇಪ್ಪತ್ತು ನಿಮಿಷ ರೆಸ್ಟ್ ಕೊಡಬೇಕು,” ಅಂದ.

“ಪುಣ್ಯ ಮಾಡಿದೆ ಬಿಡಿ. ನಮ್ಮನೇಲಿ ನನಗೂ ಇಂಥದ್ದೊಂದು ಸ್ವಿಚ್ಚು ಇಟ್ಟಿದ್ರೆ!”

ಅವನು ನಕ್ಕ. ನಕ್ಕು ಎಷ್ಟು ದಿನವಾಗಿತ್ತೋ, ದವಡೆ ನೋವು ಬಂತು. ಸರಿಯಾಗಿ ಪರೀಕ್ಷೆ ಮಾಡಬೇಕಾದರೆ ಮೂರು ಸಲ ಓಡಿಸಬೇಕು ಅಂತ ಹೇಳಿ ಒಂದು ಗಂಟೆ ಕೂರಿಸಿಕೊಂಡ. ಉಳಿದ ಗಿರಾಕಿಗಳಿಗೆ ಒಂದೇ ಸಲ ಸಾಕಾಗುತ್ತಿತ್ತು.

ಮೂರು ವಾರಕ್ಕೆ ಮತ್ತೆ ಬಂದಳು. ಈ ಸಲ ಫೈಲಿಗೆ ಕಟ್ಟುವ ಟ್ಯಾಗಿನ ತಗಡಿನ ತುದಿ ಸಿಕ್ಕಿ ಗಿಯರ್ ಹೋಗಿತ್ತು. “ಟ್ಯಾಗ್ ತೆಗೆದು ಹಾಕಿ ಅಂತ ಹೇಳಿದ್ನಲ್ಲ ಮೇಡಂ?”

“ಮರೆತೇಬಿಟ್ಟೆ,” ಅಂದಳು, ಅವನ ಕಣ್ಣು ಬಿಟ್ಟು ಕಿವಿಯನ್ನು ನೋಡುತ್ತ. ಕೆನ್ನೆಯಲ್ಲಿ ಸಣ್ಣ ಗುಳಿ ಬಿತ್ತು. ಗುಳಿ ಅವನಿಗೆ ಕಾಣಿಸಿತು. ಅದು ಯಾಕೆ ಬಿತ್ತು ಅನ್ನುವುದು ಮಾತ್ರ ಹೊಳೆಯಲಿಲ್ಲ. ಮುಂದಿನ ತಿಂಗಳೂ ಟ್ಯಾಗೇ. “ಮರೆವು ನೋಡಿ,” ಅಂದಳು. ಮತ್ತೆ ಮೂರು ಸಲ ಓಡಿಸಿದ, ಮತ್ತೆ ಒಂದು ಗಂಟೆ. ಅವಳು ಎದ್ದು ಹೋದ ಸ್ಟೂಲಿನ ಮೇಲೆ ಸಂಜೆವರೆಗೆ ಬೇರೆ ಯಾರನ್ನೂ ಕೂರಲು ಬಿಡಲಿಲ್ಲ.

ಅವಳೆಂದರೆ ಅವನಿಗೆ ಜೀವವೇ ಆಗಿತ್ತು. ಆದರೆ ಯಂತ್ರಗಳ ಬಗ್ಗೆ ಪಟಪಟ ಮಾತಾಡುವ ಬಾಯಿ ಈ ವಿಷಯಕ್ಕೆ ಹೊಲಿದುಹೋಗಿತ್ತು. ಅವನಿಗೆ ತೋಚಿದ್ದಿಷ್ಟು: ಪಾಪ, ಮನೆ ತುಂಬ ಕೆಲಸ, ಅದಕ್ಕೇ ಮರೆವು; ಈ ಭಾರ ಹೊತ್ತು ಎರಡು ಬೀದಿ ನಡೆಯುವ ಕಷ್ಟ ಬೇರೆ. ಲೇತ್ ಅಂಗಡಿಯ ಗೆಳೆಯನ ಕೈಕಾಲು ಹಿಡಿದು ಹಿತ್ತಾಳೆಯಲ್ಲಿ ಅದೇ ಅಳತೆಯ ಗಿಯರ್ ಕಡೆಸಿದ. ಹನ್ನೊಂದು ಸಂಜೆ ಕೂತು ಒಂದೊಂದು ಹಲ್ಲನ್ನೂ ಅರದಿಂದ ಉಜ್ಜಿದ. ಜನ್ಮದಲ್ಲಿ ಅಷ್ಟು ಚೆಂದದ ಕೆಲಸ ಅವನು ಮಾಡಿರಲಿಲ್ಲ.

ನಾಲ್ಕನೇ ಸಲ ಬಂದಾಗ ಅದನ್ನು ಕೂರಿಸಿ, ಮುಖ ಅರಳಿಸಿಕೊಂಡು ಹೇಳಿದ: “ಇನ್ನು ನೀವು ಏನು ಮರೆತ್ರೂ ಚಿಂತೆಯಿಲ್ಲ ಮೇಡಂ. ಇದು ಕೆಡಲ್ಲ. ಇಲ್ಲೀತನಕ ಬರೋ ಕಷ್ಟ ಇನ್ನು ನಿಮಗಿಲ್ಲ.”

ಅವಳ ಕೆನ್ನೆಯ ಗುಳಿ ಮಾಯವಾಯಿತು. “ಕಷ್ಟ ಅಂತ ನಾನು ಹೇಳಿದ್ನಾ?”

“ಇಲ್ಲ, ಆದ್ರೂ…”

“ಸರಿ ಬಿಡಿ.” ಪರೀಕ್ಷೆಗೂ ಕಾಯದೆ ಎತ್ತಿಕೊಂಡು ಹೊರಟುಹೋದಳು.

ಆಮೇಲೆ ಅವಳು ಬರಲಿಲ್ಲ. ಮೊದಲ ತಿಂಗಳು ಅವನಿಗೆ ಒಳಗೊಳಗೇ ಹೆಮ್ಮೆ. ರಿಪೇರಿಯವನ ಲೆಕ್ಕವೇ ಹಾಗೆ. ವಾಪಸ್ ಬಂದ ಸಾಮಾನು ಅವಮಾನ, ಬಾರದ ಸಾಮಾನು ಬಹುಮಾನ. ಎರಡನೇ ತಿಂಗಳು ಹೆಮ್ಮೆ ಇಳಿಯಿತು. ಮೂರನೇ ತಿಂಗಳ ಹೊತ್ತಿಗೆ ಬಾಗಿಲಲ್ಲಿ ನೆರಳು ಬಿದ್ದರೂ ತಲೆ ಎತ್ತಿ, ಅವಳಲ್ಲ ಅಂತ ಗೊತ್ತಾದೊಡನೆ ಗಿರಾಕಿಯ ಮೇಲೆ ಹರಿಹಾಯುತ್ತಿದ್ದ. ಊಟ ರುಚಿಸುತ್ತಿರಲಿಲ್ಲ. ಅವಳಿಗೆ ಬೇಕಿದ್ದರೆ ಬರುತ್ತಿದ್ದಳು, ಬೇಡವಾದ್ದಕ್ಕೇ ಬರಲಿಲ್ಲ ಅಂತ ತನಗೆ ತಾನೇ ಹೇಳಿಕೊಂಡ. ಬೇರೆಯವರಿಗೆ ಸುಳ್ಳು ಹೇಳದವನು ತನ್ನ ವಿಷಯಕ್ಕೆ ಇಷ್ಟು ದೊಡ್ಡ ಸುಳ್ಳನ್ನು ನಂಬಿ ಕೂತ.

ಏಳನೇ ತಿಂಗಳು ಒಂದು ಮಧ್ಯಾಹ್ನ ಬಂದಳು, ಹೆಗಲಿಗೊಂದು ಚೀಲ ಬಿಟ್ಟರೆ ಬರಿಗೈಯಲ್ಲಿ.

“ಶ್ರೆಡ್ಡರ್ ಎಲ್ಲಿ?” ಅಷ್ಟು ದಿನ ಕಾದವನ ಬಾಯಿಂದ ಮೊದಲು ಬಂದ ಮಾತು ಅದು. ಹಾಳು ಬಾಯಿ!

“ಕೆಟ್ಟಿಲ್ಲ.” ಸ್ಟೂಲಿನ ಮೇಲೆ ಕೂತಳು. ಸೊರಗಿದ್ದಳು. “ಟ್ಯಾಗ್ ಹಾಕ್ದೆ. ರಟ್ಟು ಹಾಕ್ದೆ. ಹಳೇ ಬ್ಯಾಂಕ್ ಕಾರ್ಡ್ ಹಾಕ್ದೆ. ಇಪ್ಪತ್ತು ಹಾಳೆ ಒಟ್ಟಿಗೆ ತುರುಕ್ದೆ. ಎಲ್ಲಾ ನುಂಗ್ತು. ಕೆಡಲೇ ಇಲ್ಲ ನೋಡಿ ನಿಮ್ಮ ಗಿಯರ್ರು.”

ಅವನಿಗೆ ಅರ್ಥವಾಯಿತು. ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟ. “ಹಾಗೇ ಬರಬಹುದಿತ್ತಲ್ಲ…”

“ಬರೋ ಅಗತ್ಯ ಇಲ್ಲ ಅಂದೋರು ನೀವೇ. ಇವನಿಗೂ ನಾನು ಭಾರ ಆದೆ ಅಂದ್ಕೊಂಡೆ.”

“ನಾನು ಬಂದಿದ್ದೆ. ಎರಡು ಸಲ, ನಿಮ್ಮ ಗೇಟಿನ ತನಕ. ಒಳಗೆ ಶ್ರೆಡ್ಡರ್ ಓಡ್ತಿರೋ ಸದ್ದು ಕೇಳಿಸ್ತು. ತುಂಬಾ ಲೋಡ್ ಬೀಳ್ತಿತ್ತು. ಗಿಯರ್ ತಡ್ಕೊಂಡಿದೆ ಅಂತ ಸಮಾಧಾನ ಮಾಡ್ಕೊಂಡು ವಾಪಸ್ ಬಂದೆ.”

ಅವಳು ನಕ್ಕಳು. ನಗು ಅರ್ಧಕ್ಕೇ ಅಳುವಾಯಿತು. ಸೆರಗಿನಲ್ಲಿ ಮುಖ ಒರೆಸಿಕೊಂಡು ಚೀಲದಿಂದ ಮದುವೆ ಕಾರ್ಡು ತೆಗೆದಳು. “ಇದನ್ನ ಕೊಟ್ಟು ಬಾ ಅಂತ ಅತ್ತಿಗೇನೇ ಕಳಿಸಿದ್ರು. ನನ್ನ ಮದುವೆ ಆಗೋರಿಗೆ ಮೊದಲ ಹೆಂಡತಿ ತೀರಿಹೋಗಿದ್ದಾರೆ. ಆರು ವರ್ಷದ ಮಗಳಿದ್ದಾಳೆ.”

“ಈಗ ಏನೂ ಮಾಡೋಕಾಗಲ್ವಾ?” ಅಂದ.

“ಹೋದ ವಾರ ಆ ಮಗು ನನ್ನ ತೊಡೆ ಮೇಲೆ ನಿದ್ದೆ ಹೋಯ್ತು. ನಿದ್ದೇಲಿ ಅಮ್ಮ ಅಂತು. ಒಂದ್ಸಲ ಅಮ್ಮನ್ನ ಕಳ್ಕೊಂಡಿರೋ ಕೂಸು. ಇನ್ನೊಂದ್ಸಲ ನನ್ನಿಂದ ಆ ಗತಿ ಬೇಡ.”

ಹೊರಗೆ ಯಾರೋ ಫ್ಯಾನ್ ಹಿಡಿದು ಬಂದು, ಅವರಿಬ್ಬರ ಮುಖ ನೋಡಿ ಹಿಂದಿರುಗಿದರು.

“ಒಂದು ಕೇಳ್ತೀನಿ,” ಅಂದಳು. “ಆ ಗಿಯರ್ ಯಾಕೆ ಮಾಡಿದ್ರಿ?”

“ನೀವಂದ್ರೆ ನನಗೆ ಪ್ರಾಣ. ಹೇಳೋಕೆ ಬಾಯಿ ಬರಲಿಲ್ಲ. ಕೈಯಲ್ಲಾಗೋದನ್ನ ಮಾಡ್ದೆ.”

ಅವಳು ಕಣ್ಣು ಮುಚ್ಚಿದಳು. “ಇನ್ನೊಂದ್ಸಲ ಹೇಳಿ.”

ಹೇಳಿದ. ಈ ಸಲ ಮೇಡಂ ಅನ್ನಲಿಲ್ಲ, ನೀವು ಅನ್ನಲಿಲ್ಲ. “ನೀನಂದ್ರೆ ಪ್ರಾಣ ಕಣೇ” ಅಂದ.

“ಸಾಕು. ನಾನೂ ಒಬ್ಬರಿಗೆ ಬೇಕಾಗಿದ್ದೆ ಅಂತ ಗೊತ್ತಾಯ್ತಲ್ಲ. ಇದಿಲ್ಲದೆ ಹೋಗೋಕಾಗ್ತಿರಲಿಲ್ಲ.” ಎದ್ದು ಕಾರ್ಡನ್ನು ಬೆಂಚಿನ ಮೇಲಿಟ್ಟಳು. ಬಾಗಿಲಲ್ಲಿ ಒಂದು ಗಳಿಗೆ ನಿಂತು, ತಿರುಗದೆ ಹೇಳಿದಳು: “ಮದುವೆಗೆ ಮಾತ್ರ ಬರಬೇಡ. ನಿನ್ನ ಮುಖ ಕಂಡ್ರೆ ನಾನು ಎದ್ದು ಬಂದ್ಬಿಡ್ತೀನಿ.”

ಮದುವೆಯ ದಿನ ಅವನು ಬೆಳಿಗ್ಗೆಯಿಂದ ಸಂಜೆವರೆಗೆ ಅಂಗಡಿ ಬಿಟ್ಟು ಕದಲಲಿಲ್ಲ. ಅವಳು ಬಾಯಿಬಿಟ್ಟು ಅವನನ್ನು ಕೊನೆಗೆ ಬೇಡಿದ್ದು ಅದು, ಅದನ್ನು ಅವನು ನಡೆಸಿಕೊಟ್ಟ.