ಕರಿ ಆಡಿನ ಮುಂಗಾಲು

ಹತ್ತಿ ಜಿನ್ನಿನ ಕಾವಲುಗಾರ ಬೊಮ್ಮಣ್ಣ, ಅಲ್ಲೇ ಹತ್ತಿ ಆರಿಸುವ ಕೆಂಚಕ್ಕ ಸಾಕಿದ, ನಾಲ್ಕು ತಿಂಗಳ ಗಬ್ಬದ ಕರಿ ಆಡಿನ ಮುಂಗಾಲಿಗೆ ಬಡಿಗೆಯಿಂದ ಹೊಡೆದ. ಹೊಡೆಯೆಂದು ಹೇಳಿದವರು ಜಿನ್ನಿನ ಸಾಹುಕಾರ ವಾಮದೇವಪ್ಪ. ಆಡು ಅಂಗಳಕ್ಕೆ ನುಗ್ಗಿ ಹತ್ತಿಕಾಳಿಗೆ ಬಾಯಿ ಹಾಕಿತ್ತು.

ಹತ್ತಿಯಿಂದ ಕಾಳು ಬಿಡಿಸುವ ದಾವಣಗೆರೆಯ ಜಿನ್ನುಗಳಿಗೆ ಆಡು ನುಗ್ಗುವುದು ಹೊಸದೇನಲ್ಲ. ದಿನಕ್ಕೆ ಹತ್ತು ಬರುತ್ತವೆ, ಹೈ ಎಂದರೆ ಹತ್ತೂ ಓಡುತ್ತವೆ. ಅಂದು ಬಡಿಗೆ ಬಿದ್ದದ್ದು ಒಂದಕ್ಕೆ ಮಾತ್ರ. ಅದರ ಒಡತಿ ಹಿಂದಿನ ವಾರ ಲೇಬರ್ ಇನ್ಸ್‌ಪೆಕ್ಟರಿಗೆ ಹೋದ ಅರ್ಜಿಯಲ್ಲಿ ಮೊದಲ ಹೆಸರು ಬರೆಸಿದ್ದಳು. ಕೂಸು ಕಟ್ಟಿಕೊಂಡು ಹತ್ತಿ ಆರಿಸಲು ಬರುವ ಹೆಂಗಸರಿಗೆ ಹಾಲೂಡಿಸಲು ಒಂದು ಮರೆ ಬೇಕು, ಅರ್ಧ ಗಂಟೆ ಬಿಡುವು ಬೇಕು. ಅರ್ಜಿಯಲ್ಲಿ ಇದ್ದದ್ದು ಇಷ್ಟೇ. ಕೆಂಚಕ್ಕನಿಗೆ ಇನ್ನೂ ಮದುವೆಯಾಗಿರಲಿಲ್ಲ, ಕೂಸಂತೂ ದೂರ. ಬೇರೆಯವರ ಕೂಸಿಗೆ ಇವಳೇಕೆ ಬಾಯಿ ಬಿಟ್ಟಳೆಂಬುದೇ ಸಾಹುಕಾರರಿಗೆ ಹೆಚ್ಚು ಉರಿದಿತ್ತು.

ಆಡಿನ ಕೂಗು ಕೇಳಿ ಅವಳು ಶೆಡ್ಡಿನಿಂದ ಓಡಿ ಬಂದಾಗ ಆಡು ಮೂರು ಕಾಲಿನ ಮೇಲೆ ನಿಂತು ನಡುಗುತ್ತಿತ್ತು. ಎತ್ತಲು ಬೊಮ್ಮಣ್ಣ ಮುಂದೆ ಬಂದ.

"ಮುಟ್ಟಿದ್ರೆ ಕೈ ಮುರಿತೀನಿ," ಎಂದಳು.

ಅವಳೂ ಜೊತೆಗೆ ಹತ್ತಿ ಆರಿಸುವ ಶಹಜಾದಿಯೂ ಗೋಣಿಚೀಲ ಹಿಡಿದು, ಅದರಲ್ಲಿ ಆಡನ್ನು ಮಲಗಿಸಿಕೊಂಡು ಹಟ್ಟಿಗೆ ಹೊತ್ತರು. ಕೆಂಚಕ್ಕನ ಅಪ್ಪ ಸತ್ತ ಮೇಲೆ ಆ ಮನೆಗೆ ಹೊಸದಾಗಿ ಬಂದ ಜೀವವೆಂದರೆ ಅದೊಂದೇ. ಹೊಟ್ಟೆಯಲ್ಲಿ ಎರಡು ಮರಿಗಳಿವೆಯೆಂದು ಅವ್ವ ನಾಗಕ್ಕ ಸವರಿ ನೋಡಿ ಹೇಳಿದ್ದಳು.

ಕುಂಟುವ ಆಡಿಗೆ ಬರೆ ಹಾಕುವುದು ಆ ಹಟ್ಟಿಯ ವಾಡಿಕೆ. ನಾಗಕ್ಕ ಒಲೆಯಲ್ಲಿ ಕುಡಗೋಲು ಕಾಯಿಸಿದಳು. ಅದು ಕೆಂಪಗಾಯಿತು. ಕೆಂಚಕ್ಕ ಕೈಗೆ ಬಟ್ಟೆ ಸುತ್ತಿ ಅದನ್ನು ಎತ್ತಿಕೊಳ್ಳುವುದಕ್ಕೂ ಬಾಗಿಲಿಗೆ ನೆರಳು ಅಡ್ಡ ಬರುವುದಕ್ಕೂ ಸರಿಹೋಯಿತು.

"ಬರೆ ಇಡಬ್ಯಾಡ್ರಿ," ಎಂದ ಬೊಮ್ಮಣ್ಣ. "ಗಬ್ಬದ್ದು. ಉರಿಗೆ ಒದ್ದಾಡಿ ದಿನ ತುಂಬೋ ಮೊದ್ಲೇ ಕಂದು ಹಾಕ್ತೈತೆ."

"ಹೊಡೆಯೋವಾಗ ಗಬ್ಬ ಕಾಣ್ಲಿಲ್ಲೇನು ನಿನಗೆ?"

"ಕಂಡಿತ್ತು."

ಅವನು ಸುಳ್ಳು ಹೇಳಿದ್ದರೆ ಅವಳಿಗೆ ಹಗುರವಾಗುತ್ತಿತ್ತು. ಕುಡಗೋಲು ಹಿಡಿದೇ ಹೊಸ್ತಿಲವರೆಗೆ ಬಂದಳು.

"ಕಂಡೂ ಹೊಡ್ದೆ."

"ಹೊಡ್ದೆ. ಸಾವ್ಕಾರ್ರು ಎದುರಿಗೇ ನಿಂತಿದ್ರು."

"ಹಂಗಾದ್ರೆ ಈ ಬರೆ ನಿನಗೇ ಇಡ್ಲೇನು?"

ಅವನು ಬಲಗೈ ಮುಂದೆ ಚಾಚಿದ. ನಾಟಕದ ಕೈಯಲ್ಲ ಅದು. ಕುಡಗೋಲಿನ ಕಾವು ತಾಗುತ್ತಿದ್ದರೂ ಹಿಂದಕ್ಕೆ ಹೋಗಲಿಲ್ಲ. ಕೆಂಚಕ್ಕ ಆ ಅಂಗೈಯನ್ನು ನೋಡಿದಳು. ನೋಡಿದ್ದಕ್ಕೆ ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

"ಕೈ ಸುಟ್ಕಂಡು ನೀ ಕುಂತ್ರೆ ಆಡು ಹಿಡಿಯೋರು ಯಾರು, ನಿಮ್ಮಪ್ಪನಾ? ಒಳಗೆ ಬಾ."

"ನಮ್ಮಪ್ಪ ಇದ್ದಿದ್ರೆ ಚೆಂದಾಗಿ ಹಿಡೀತಿದ್ದ," ಎಂದ ಅವನು ತಲೆ ಬಗ್ಗಿಸಿ ಒಳಗೆ ಬರುತ್ತ. "ಹರಿಹರದ ಹೊಳೆ ದಂಡೆಗೆ ಎಂಬತ್ತು ಆಡು ಮೇಯಿಸ್ತಿದ್ದ."

"ಅಂಥವನ ಹೊಟ್ಟೆಯಾಗೆ ಹುಟ್ಟಿ ಈ ಕೆಲಸ ಮಾಡ್ದೆ."

ನಾಗಕ್ಕ ಆಡಿನ ಕಾಲು ಕಟ್ಟಿ ಕೆಡವಲು ಹಗ್ಗ ತಂದಳು. ಅವನು ಹಗ್ಗವನ್ನು ಮೆಲ್ಲಗೆ ಇಸಿದುಕೊಂಡ. "ಕೆಡವಬ್ಯಾಡ ಯವ್ವಾ, ಹೊಟ್ಟೆ ಮ್ಯಾಲೆ ಭಾರ ಬೀಳ್ತೈತೆ. ನಿಂತಂಗೇ ಮಾಡ್ಬೇಕು." ಆಡನ್ನು ಗೋಡೆಗೆ ಒತ್ತಿ ನಿಲ್ಲಿಸಿ, ಮೊಣಕಾಲಿನಿಂದ ಆನಿಸಿ, ಮುಂಗಾಲನ್ನು ತನ್ನ ತೊಡೆಯ ಮೇಲೆ ಇರಿಸಿಕೊಂಡ. ಕೆಂಚಕ್ಕ ಉಪ್ಪು ಹಾಕಿದ ಬೆಚ್ಚನೆ ನೀರು ಹನಿಸಿದಳು. ಗೊರಸಿನ ಸಂದು ಸೀಳಿತ್ತು. ಒಳಗೆ ಮಣ್ಣು, ಹರಳು, ಒಂದು ಹತ್ತಿಕಾಳಿನ ಸಿಪ್ಪೆ. ಬೊಮ್ಮಣ್ಣ ಒಂದೊಂದೇ ತೆಗೆದ. ಎಲುಬನ್ನು ಬೆರಳಿನಿಂದ ಸವರಿ ಕಿವಿಗೊಟ್ಟು ಕೇಳಿದ. "ಮುರಿದಿಲ್ಲ. ಬಾತೈತೆ."

ಇಬ್ಬರ ಹಣೆಗಳ ನಡುವೆ ಆಗ ಒಂದು ಗೇಣು ಜಾಗವೂ ಇರಲಿಲ್ಲ. ಅವನ ಕಿವಿಯ ಹಿಂದೆ ಹತ್ತಿಯ ಎಳೆಯೊಂದು ಅಂಟಿಕೊಂಡಿತ್ತು. ಅವಳು ಅದನ್ನು ತೆಗೆಯಲಿಲ್ಲ.

ಗಾಯದ ಮೇಲಿಡಲು ಹತ್ತಿ ಬೇಕಾಯಿತು. ದಿನವಿಡೀ ಮಣಗಟ್ಟಲೆ ಹತ್ತಿ ಆರಿಸುವವಳ ಮನೆಯಲ್ಲಿ ಒಂದು ಚಿಟಿಕೆ ಹತ್ತಿ ಇರಲಿಲ್ಲ. ಸಂಜೆ ಗೇಟಿನಲ್ಲಿ ಹೆಂಗಸರ ಸೆರಗು ಕೊಡವಿಸಿಯೇ ಹೊರಗೆ ಬಿಡುತ್ತಿದ್ದರು. ಕೊಡವಿಸುತ್ತಿದ್ದವನು ಇವನೇ.

"ಹುಡುಕು," ಎಂದಳು ಕೆಂಚಕ್ಕ. "ಎಲ್ಲಾದ್ರೂ ಒಂದೆಳೆ ಸಿಕ್ರೆ ನಾ ಕಳ್ಳಿ ಅಂತ ಹೇಳು."

ಬೊಮ್ಮಣ್ಣನ ಮುಖ ಕಪ್ಪಿಟ್ಟಿತು. ತಲೆಯ ಮೇಲಿನ ರುಮಾಲು ಬಿಚ್ಚಿ ಉದ್ದಕ್ಕೆ ಹರಿದ. ಅರಿಶಿನ, ಬೇವಿನೆಣ್ಣೆ ಸವರಿ, ಅಕ್ಕಪಕ್ಕಕ್ಕೆ ಬಿದಿರಿನ ದಬ್ಬೆ ಕೊಟ್ಟು ಬಟ್ಟೆ ಸುತ್ತಿದ.

ಮರುದಿನದಿಂದ ಕೆಲಸ ಬಿಟ್ಟೊಡನೆ ಅವನು ಹಾಜರು. ದನದ ಆಸ್ಪತ್ರೆಯಿಂದ ಕೆಂಪು ಪುಡಿ ತಂದ, ನೀರು ಗುಲಾಬಿ ಬಣ್ಣಕ್ಕೆ ಬರುವಷ್ಟೇ ಕದಡಿ ಕಾಲು ತೊಳೆದ. ನೆಲ ಒದ್ದೆಯಾಗಬಾರದೆಂದು ಬೂದಿ ಹರಡಿ ಹುಲ್ಲು ಹಾಸಿದ. ಭಾನುವಾರ ಹರಿಹರಕ್ಕೆ ಹೋಗಿ, ತನ್ನ ಅವ್ವ ಮಾರೆಮ್ಮನ ಕೈಯಿಂದ ಹೊಂಗೆ ಎಣ್ಣೆ ಇಸಿದುಕೊಂಡು ಮರುದಿನ ಮುಂಜಾನೆಯ ರೈಲಿಗೆ ಬಂದ. ಕೆಂಚಕ್ಕ ಎಲ್ಲವನ್ನೂ ಬೈಯುತ್ತಲೇ ಇಸಿದುಕೊಂಡಳು. ಗಂಟು ಬಿಗಿಯಾಯಿತೆಂದು ಬೈದಳು, ಸಡಿಲವಾಯಿತೆಂದು ಬೈದಳು, ಒಂದು ಸಂಜೆ ತಡವಾಗಿ ಬಂದದ್ದಕ್ಕೆ ಎಲ್ಲಕ್ಕಿಂತ ಹೆಚ್ಚು ಬೈದಳು.

"ಏ ಕೆಂಚಿ," ಎಂದಳು ಶಹಜಾದಿ, ಹತ್ತಿಯ ರಾಶಿಯ ಆಚೆಯಿಂದ. "ಆಡಿಗೆ ಪಟ್ಟಿ ಕಟ್ಟಾಕೆ ಬರ್ತಾನೋ, ನಿನ್ನ ಬೈಗುಳ ತಿನ್ನಾಕೆ ಬರ್ತಾನೋ? ನಮ್ಮೆಜಮಾನ್ರು ಮೂರು ಮಾತಿಗೇ ಎದ್ದು ಹೋಗ್ತಾರಪ್ಪ."

"ತಪ್ಪು ಮಾಡ್ಯಾನೆ, ತಿಂತಾನೆ."

"ತಿನ್ಲಿ ತಿನ್ಲಿ. ನೀನೂ ಬಿಸಿಬಿಸಿ ಬಡಿಸ್ತೀಯಲ್ಲ."

ಹನ್ನೊಂದನೆಯ ದಿನ ಕೆಂಚಕ್ಕ ಚೊಗಚೆ ಸೊಪ್ಪು ಹಿಡಿದು ಮೂರು ಹೆಜ್ಜೆ ದೂರ ನಿಂತಳು. ಆಡು ಕತ್ತು ಚಾಚಿತು, ಸಿಗಲಿಲ್ಲ. ಕಟ್ಟಿದ ಕಾಲನ್ನು ನೆಲಕ್ಕೆ ಮುಟ್ಟಿಸಿತು, ಎತ್ತಿತು, ಮತ್ತೆ ಊರಿತು. ಊರಿ ನಡೆದು ಬಂದು ಸೊಪ್ಪಿಗೆ ಬಾಯಿ ಹಾಕಿತು. ಹೊಟ್ಟೆಯೊಳಗೆ ಮರಿಯೊಂದು ಒದ್ದದ್ದು ಹೊರಗೆ ಕಂಡಿತು.

ಕೆಂಚಕ್ಕ ಉಳಿದ ಸೊಪ್ಪನ್ನೂ ಅದರ ಮುಂದೆ ಹಾಕಿದಳು. ಪಕ್ಕದಲ್ಲಿ ಕೂತಿದ್ದ ಬೊಮ್ಮಣ್ಣನಿಗೆ, "ನಾಳೆಯಿಂದ ನೀ ಬರೋದು ಬ್ಯಾಡ," ಎಂದಳು.

"ಬರ್ತೀನಿ."

"ಯಾಕ? ಕಾಲು ಊರ್ತಲ್ಲ."

"ಆಡು ಒಂದು ನೆವ, ಕೆಂಚಿ." ಅವನು ಅವಳನ್ನು ನೇರವಾಗಿ ನೋಡಿದ್ದು ಅದೇ ಮೊದಲು. "ಎರಡು ವರ್ಷದಿಂದ ಗೇಟಿನಾಗೆ ನಿನ್ನ ನೋಡ್ತೀನಿ. ಮಾತಾಡ್ಸಾಕೆ ಧೈರ್ಯ ಇರ್ಲಿಲ್ಲ."

"ನೆವ ಬೇಕು ಅಂತ ಅದರ ಕಾಲಿಗೇ ಹೊಡೀಬೇಕಿತ್ತೇನು? ಅದಕ್ಕೆ ಮಾತ್ರ ಧೈರ್ಯ ಇತ್ತು."

"ಧೈರ್ಯ ಇಲ್ಲದ್ದಕ್ಕೇ ಹೊಡ್ದೆ," ಎಂದ ಅವನು.

ಅವಳು ಅವನ ಕಿವಿಯ ಹಿಂದೆ ಅಂದೂ ಅಂಟಿದ್ದ ಹತ್ತಿಯ ಎಳೆ ಕಿತ್ತು ಬಿಸಾಡಿದಳು. ಬೆರಳು ಅಲ್ಲಿ ಬೇಕಾದದ್ದಕ್ಕಿಂತ ಒಂದು ಚಣ ಹೆಚ್ಚು ನಿಂತಿತು.

"ಮಾಫಿ ಮಾಡೀನಿ ಅಂತ ತಿಳ್ಕೋಬ್ಯಾಡ," ಎಂದಳು.

"ಇಲ್ಲ."

"ನಾಳೆ ತಡ ಮಾಡ್ಬ್ಯಾಡ."

ಮರುದಿನ ಬೆಳಿಗ್ಗೆಯೇ ಇಬ್ಬರಿಗೂ ಆಫೀಸಿನಿಂದ ಕರೆ ಬಂತು. ಮಧ್ಯಾಹ್ನ ಅರ್ಜಿಯ ವಿಚಾರಣೆಗೆ ಲೇಬರ್ ಇನ್ಸ್‌ಪೆಕ್ಟರು ಬರುವವರಿದ್ದರು. ವಾಮದೇವಪ್ಪ ಕುರ್ಚಿಯಲ್ಲಿ ಒರಗಿ, ಗುಮಾಸ್ತನ ಕೈಯಲ್ಲಿ ಒಂದು ಕಾಗದ ಓದಿಸಿದರು. ಕೆಂಚಕ್ಕ ದಿನಾ ಆಡನ್ನು ಒಳಗೆ ಬಿಟ್ಟು ಹತ್ತಿಕಾಳು ತಿನ್ನಿಸುತ್ತಾಳೆ. ಅರ್ಜಿ ಕೊಟ್ಟ ಹೆಂಗಸರೆಲ್ಲ ಸೆರಗಿನಲ್ಲಿ ಹತ್ತಿ ಕದಿಯುತ್ತಾರೆ. ಆಡು ಮೊದಲೇ ಕುಂಟಾಗಿತ್ತು. ಕಂಡವನು, ಕಾವಲುಗಾರ ಬೊಮ್ಮಣ್ಣ.

"ಹೆಬ್ಬೆಟ್ಟು ಒತ್ತು," ಎಂದರು ಸಾಹುಕಾರರು.

ಗುಮಾಸ್ತ ಶಾಯಿಯ ಡಬ್ಬಿ ಮುಂದೆ ತಳ್ಳಿದ. ಕೆಂಚಕ್ಕ ಬೊಮ್ಮಣ್ಣನ ಕಡೆ ನೋಡಲಿಲ್ಲ. ಇವನೀಗ ಒತ್ತಿದರೆ ಇವನ ಹೆಸರು ಕೂಡ ಮತ್ತೆ ತನ್ನ ಬಾಯಲ್ಲಿ ಬರಬಾರದು ಎಂದುಕೊಂಡಳು.

"ಇದ್ರಾಗೆ ಬರೆದಿರೋದು ಸುಳ್ಳು ಐತ್ರಿ," ಎಂದ ಬೊಮ್ಮಣ್ಣ. ಶಾಯಿಯ ಡಬ್ಬಿಯನ್ನು ಹಿಂದಕ್ಕೆ ತಳ್ಳಿದ. "ಹೊಡ್ದವ ನಾನು. ಹೊಡಿ ಅಂದವ್ರು ನೀವು. ಹಂಗೆ ಬರಸ್ರಿ, ಒತ್ತತೀನಿ. ಇದಕ್ಕೆ ಒತ್ತಲ್ರಿ."

ವಾಮದೇವಪ್ಪ ಸಿಟ್ಟಾಗಲಿಲ್ಲ. ವ್ಯಾಪಾರದ ಮನುಷ್ಯ, ಒಂದು ಸರಕು ಹೋಗದಿದ್ದರೆ ಇನ್ನೊಂದನ್ನು ಮುಂದಿಡುವುದು ಗೊತ್ತು. ಕಾಗದ ಮಡಚಿಟ್ಟು ಕೆಂಚಕ್ಕನ ಕಡೆ ತಿರುಗಿದರು. ಮಾತು ಬೆಣ್ಣೆಯಾಯಿತು.

"ನೋಡವ್ವ, ಇವನಿಗೆ ಇವತ್ತಿಂದ ಕೆಲಸ ಇಲ್ಲ. ನಿನ್ನ ಆಡಿಗೆ ಹೊಡ್ದವನು ಇವನೇ ಹೌದಲ್ಲ, ಅವನ ಬಾಯಿಂದಾನೇ ಬಂತು. ಕುಡಿದ ಮತ್ತಿನಾಗೆ ಇವನೇ ಹೊಡ್ದ, ಸಾವ್ಕಾರ್ರಿಗೆ ಏನೂ ಗೊತ್ತಿಲ್ಲ ಅಂತ ಇನ್ಸ್‌ಪೆಕ್ಟರ ಮುಂದೆ ಹೇಳು. ನಿನಗೂ ನ್ಯಾಯ ಸಿಕ್ಕಂಗಾಯ್ತು, ನಿನ್ನ ಜಾಗಾನೂ ಉಳೀತು."

ಹನ್ನೆರಡು ದಿನದ ಸಿಟ್ಟು ಕೆಂಚಕ್ಕನ ನಾಲಿಗೆಯ ತುದಿಯಲ್ಲೇ ಇತ್ತು. ಅದನ್ನು ಎತ್ತಿ ಯಾರ ಮೇಲೆ ಎಸೆಯಬೇಕೆಂದು ಈ ಮನುಷ್ಯ ತನಗೆ ಕಲಿಸುತ್ತಿದ್ದಾನೆ. ಬೊಮ್ಮಣ್ಣ ನೆಲ ನೋಡುತ್ತಿದ್ದ. ಅವಳು ಹಾಗೇ ಹೇಳಿದರೂ ಸರಿಯೆಂಬಂತೆ ನಿಂತಿದ್ದ. ಅವಳು ಒಂದು ಹೆಜ್ಜೆ ಸರಿದು ಅವನ ಪಕ್ಕಕ್ಕೆ ಬಂದಳು. ಹೆಗಲಿಗೆ ಹೆಗಲು ತಾಗಿತು.

"ಇವನ ಮ್ಯಾಲೆ ನನಗೆ ಸಿಟ್ಟೈತ್ರಿ, ಸಾವ್ಕಾರ್ರೆ. ಆ ಸಿಟ್ಟು ನನ್ನ ಮನೇದು. ಇವನ್ನ ಒಲೆ ಮುಂದೆ ಕುಂದ್ರಿಸ್ಕಂಡು ಮುದುಕಿ ಆಗೋತನಕ ಬೈತೀನಿ. ನೀವು ಹೇಳಿಕೊಟ್ಟಿದ್ದನ್ನ ಮಾತ್ರ ನಾನು ಹೇಳಲ್ಲ."