ಆರು ಸಾಲಿನ ಸ್ಕ್ರಿಪ್ಟ್

ಮೈದುನನ ಫೋನ್ ಬಂದಾಗ ಆಕೆ ನೀರು ಸರಬರಾಜು ಕಚೇರಿಯ ನಕ್ಷೆ ವಿಭಾಗದಲ್ಲಿ ಕಂಪ್ಯೂಟರ್ ಮುಂದೆ ಕುಳಿತಿದ್ದಳು. "ಆಸ್ಪತ್ರೇಲಿ ಕೂತು ನನ್ನ ಮುಖ ಎಷ್ಟಂತ ನೋಡ್ತೀಯ, ಎರಡು ಗಂಟೆ ಹೋಗಿ ಆ ಪೈಪಿನ ನಕ್ಷೆ ಮುಗಿಸ್ಕೊಂಡು ಬಾ" ಎಂದು ಬೆಳಿಗ್ಗೆ ಅವಳನ್ನು ಕಳಿಸಿದವನು ಗಂಡನೇ.

"ಅತ್ತಿಗೆ," ಎಂದ ಮೈದುನ. "ಅಣ್ಣ ಹೋಗ್ಬಿಟ್ಟ. ನಿದ್ದೇಲೇ. ನಾನು ಬರ್ತಿದೀನಿ, ನೀವು ಅಲ್ಲೇ ಇರಿ."

ಏಳುವ ಮುಂಚೆ ಆಕೆ ನಕ್ಷೆಯನ್ನು ಸೇವ್ ಮಾಡಿದಳು. ಕೈ ತಾನಾಗಿಯೇ ಮಾಡಿತು. ಅದನ್ನು ಆ ಕೈಗೆ ರೂಢಿ ಮಾಡಿಸಿದವನು ಇನ್ನಿಲ್ಲ.

ಹೊರಗೆ ಮೆಟ್ಟಿಲ ಮೇಲೆ ಕುಳಿತರೆ ಅಳು ಬರಲಿಲ್ಲ. ಇಪ್ಪತ್ತಾರು ವರ್ಷದ ಹಿಂದಿನ ಒಂದು ಸೋಮವಾರ ಕಣ್ಣ ಮುಂದೆ ಬಂತು.

ಆಗ ನಕ್ಷೆಯ ಸಾಫ್ಟ್‌ವೇರ್ ಕಚೇರಿಗೆ ಹೊಸದು. ಅಂದು ತೆರೆದರೆ ಪರದೆಯೆಲ್ಲ ಖಾಲಿ. ನದಿ, ರಸ್ತೆ ಎಂದು ನಕ್ಷೆ ಕಟ್ಟುವ ಅರವತ್ತು ಪದರಗಳ ಹೆಸರಿನ ಪಕ್ಕದಲ್ಲೂ ಕೆಂಪು ಗುರುತು. ಕಂಪನಿಯಿಂದ ರಿಪೇರಿಗೆ ಬಂದವನು ಎಳೆಯ ವಯಸ್ಸಿಗೇ ಮೇಷ್ಟ್ರ ಗಾಂಭೀರ್ಯದವನು.

"ಏನಾದ್ರೂ ಮುಟ್ಟಿದ್ರಾ?"

"ಏನೂ ಮುಟ್ಟಿಲ್ಲ."

"ಹಾಗಾದ್ರೆ ಫೋಲ್ಡರಿಗೇ ಕಾಲು ಬಂದಿರ್ಬೇಕು."

"ನಾನು ಸುಳ್ಳು ಹೇಳ್ತಿದೀನಿ ಅಂತೀರಾ?"

"ನಿಮ್ಮನ್ನೇನೂ ಅನ್ನಲಿಲ್ಲ. ಫೋಲ್ಡರನ್ನ ಅಂದೆ," ಎಂದು ಅವನು ಮೊದಲ ಸಲ ನಕ್ಕ.

ಅಚ್ಚುಕಟ್ಟಾಗಿರಲಿ ಎಂದು ಆ ಪದರಗಳ ಫೋಲ್ಡರನ್ನು ಬೇರೆ ಕಡೆ ಇಟ್ಟವಳು ಅವಳೇ. ನಕ್ಷೆಯ ಫೈಲಿನೊಳಗೆ ನದಿಯೂ ಇರುವುದಿಲ್ಲ, ರಸ್ತೆಯೂ ಇರುವುದಿಲ್ಲ, ಅವು ಎಲ್ಲಿವೆ ಎಂಬ ವಿಳಾಸ ಮಾತ್ರ ಇರುತ್ತದೆ ಎಂದು ಅವನು ತಿಳಿಸಿ ಹೇಳಿದ. ಒಂದೊಂದೇ ಪದರಕ್ಕೆ ಹೊಸ ವಿಳಾಸ ತೋರಿಸುತ್ತ ಸಂಜೆಯವರೆಗೆ ಕುಳಿತ. ಮೊದಲು ನದಿ ಬಂತು, ಆಮೇಲೆ ಬೀದಿಗಳು, ಆಮೇಲೆ ನೀರಿನ ತೊಟ್ಟಿಗಳು. ಪ್ರತಿಯೊಂದು ಬಂದಾಗಲೂ ಅವಳ ಮುಖ ಅರಳಿತೇ ಎಂದು ಓರೆಗಣ್ಣಲ್ಲಿ ನೋಡುತ್ತಿದ್ದ.

ಹದಿನೈದು ದಿನ ಕಳೆದ ಮೇಲೆ ಅವಳು ಫೋಲ್ಡರನ್ನು ಬೇಕೆಂದೇ ಸರಿಸಿದಳು. ಅವನು ಬಂದ. ಮತ್ತೆ ಸರಿಸಿದಳು, ಮತ್ತೆ ಬಂದ. ಹೀಗೆ ಆರು ತಿಂಗಳು.

ಒಂದು ದಿನ ಅವನು, "ಇವತ್ತಿಗೆ ನಿಮ್ಮ ಕಚೇರಿ ಕೆಲಸ ಮುಗೀತು. ನಾಳೆಯಿಂದ ನನ್ನನ್ನ ಬೇರೆ ಊರಿಗೆ ಹಾಕಿದಾರೆ," ಎಂದ. ಇಂದು ಬಾಯಿಬಿಡದಿದ್ದರೆ ಇನ್ನೆಂದೂ ಇಲ್ಲ. ಹಿಂದಿನ ವಾರವಷ್ಟೇ ಸಾಫ್ಟ್‌ವೇರಿನ ದಪ್ಪ ಕೈಪಿಡಿಯನ್ನು ಅವಳು ಕೊನೆಯವರೆಗೆ ಓದಿದ್ದಳು.

"ಮೇಷ್ಟ್ರೇ, ಎಲ್ಲ ಪದರದ ವಿಳಾಸವನ್ನೂ ಒಟ್ಟಿಗೆ ಬದಲಾಯಿಸೋಕೆ ಕಂಪ್ಯೂಟರಿಗೆ ಆಜ್ಞೆ ಕೊಡೋ ಸ್ಕ್ರಿಪ್ಟ್ ಬರೀಬಹುದಂತೆ?"

ಅವನ ಕೈ ಮೌಸಿನ ಮೇಲೆ ನಿಂತಿತು. "ಬರೀಬಹುದು."

"ಎಷ್ಟು ಸಾಲು?"

"ಆರು."

"ಮತ್ತೆ ಆರು ತಿಂಗಳಿಂದ ಒಂದೊಂದನ್ನೇ ಕೈಯಲ್ಲಿ ಜೋಡಿಸ್ತಿದ್ರಲ್ಲ?"

ಅವನು ಕಿವಿಯವರೆಗೂ ಕೆಂಪಾದ. "ಸ್ಕ್ರಿಪ್ಟ್ ಓಡಿದ್ರೆ ಒಂದು ನಿಮಿಷದ ಕೆಲಸ. ನನಗೆ ಒಂದು ನಿಮಿಷ ಸಾಲ್ತಿರಲಿಲ್ಲ."

"ಫೋಲ್ಡರ್ ಸರಿಸ್ತಿದ್ದವಳು ನಾನೇ," ಎಂದಳು ಅವಳು, ನೆಲ ನೋಡುತ್ತ.

"ಗೊತ್ತು. ಫೋಲ್ಡರಿಗೆ ಕಾಲಿಲ್ಲ."

ಇಬ್ಬರೂ ನಕ್ಕರು. ಆ ಸಂಜೆಯೇ ಅವನು ಅವಳ ತಾಯಿಯನ್ನು ಕಂಡು ಮದುವೆಯ ಮಾತಾಡಿದ.

ಮೈದುನ ಬಂದು ಅವಳನ್ನು ಆಸ್ಪತ್ರೆಗೆ ಕರೆದೊಯ್ದ. ಹಾಸಿಗೆಯ ಮೇಲಿನ ಮುಖದಲ್ಲಿ ನೋವಿನ ಗೆರೆ ಇರಲಿಲ್ಲ. "ಕೊನೆಗೆ ಏನಾದ್ರೂ ಅಂದ್ರಾ?" ಎಂದು ಕೇಳಿದಳು.

"'ನಿಮ್ಮತ್ತಿಗೆ ಬಂದ ಮೇಲೆ ನನ್ನನ್ನ ಎಬ್ಬಿಸು' ಅಂತ ನನಗೆ ಹೇಳಿ ಮಲಗಿದ," ಎಂದು ಮೈದುನ ಬಿಕ್ಕಿದ.

ಆಗ ಅವಳ ಕಣ್ಣು ತುಂಬಿತು. ಗಂಡನ ತಣ್ಣನೆಯ ಕೈಯನ್ನು ತನ್ನೆರಡು ಕೈಗಳಲ್ಲಿ ಹಿಡಿದು ಮನಸ್ಸಿನಲ್ಲೇ ಪ್ರಾರ್ಥಿಸಿದಳು: ದೇವರೇ, ಯಾಕೆ ಕರೆದುಕೊಂಡೆ ಎಂದು ನಾನು ಕೇಳುವುದಿಲ್ಲ. ಇಷ್ಟು ವರ್ಷ ನನ್ನ ಜೊತೆಗಿಟ್ಟೆಯಲ್ಲ, ಆ ಋಣ ನನಗೆ ದೊಡ್ಡದು. ಇವರನ್ನು ಈಗ ಯಾರೂ ಎಬ್ಬಿಸದಿರಲಿ. ನಿನ್ನ ಮಡಿಲಲ್ಲಿ ಈ ಜೀವಕ್ಕೆ ಶಾಂತಿ ಸಿಗಲಿ.