ವಕೀಲರ ಚೀಲದ ಅಂಚು

"ಹ್ವಾಯ್ ಚಂದಯ್ಯ, ಓಡಿ ಬಾ! ಇದ್ ನನ್ನ ಚೀಲ ಅಲ್ಲ! ಯಾರೋ ಬದ್ಲ್ ಮಾಡೀರ್!"

ತೆಕ್ಕಟ್ಟೆಯ ಹೆದ್ದಾರಿ ಬದಿಯಲ್ಲಿ, ಮನೆಗೆ ಅಂಟಿಕೊಂಡಿದ್ದ ತನ್ನ ಚರ್ಮದ ಚೀಲದ ಅಂಗಡಿಯಲ್ಲಿ ನಿಂತು ದುಗ್ಗಪ್ಪ ಬೆಳ್ಳಂಬೆಳಿಗ್ಗೆ ಕೂಗಾಡುತ್ತಿದ್ದ. ಆಗಿನ್ನೂ ಹೆದ್ದಾರಿ ಅಗಲವಾಗಿರಲಿಲ್ಲ. ಎದುರಿನ ಹೋಟೆಲಿನವರೆಗೂ ಅವನ ದನಿ ಸಲೀಸಾಗಿ ಕೇಳಿತು. ಬನ್ಸ್ ತಿನ್ನುತ್ತಿದ್ದ ಚಂದಯ್ಯ ಅರ್ಧಕ್ಕೇ ಎದ್ದು ಬಂದ. ಹೆಡ್ ಕಾನ್‌ಸ್ಟೇಬಲ್ ಆಗಿ ನಿವೃತ್ತನಾದರೂ ಊರಲ್ಲಿ ಕೋಳಿ ಕಳೆದರೆ ಅವನನ್ನೇ ಕರೆಯುತ್ತಿದ್ದರು. ಕರೆಯದಿದ್ದರೆ ಅವನಿಗೂ ತಿಂದದ್ದು ಅರಗುತ್ತಿರಲಿಲ್ಲ ಅನ್ನಿ.

ಮೇಜಿನ ಮೇಲಿತ್ತು ಕಂದು ಚರ್ಮದ ಚೀಲ. ಬ್ರಹ್ಮಾವರದ ವಕೀಲರೊಬ್ಬರು ಹೇಳಿ ಮಾಡಿಸಿದ್ದು, ಮಧ್ಯಾಹ್ನ ಒಯ್ಯಲು ಬರುವವರಿದ್ದರು. ಚಂದಯ್ಯ ಒಳಗಿನ ಹೊಲಿಗೆ ತಡವಿ, ಅಂಚಿನ ಮೇಲೆ ಬೆರಳಾಡಿಸಿದ. ಹುಣಸೆ ಬೀಜದ ಹಾಗೆ ನುಣುಪು!

"ಲಾಯ್ಕ್ ಇತ್ತಲ್ಲ ಮಾರಾಯ. ಎಂತ ತೊಂದ್ರೆ?"

"ಲಾಯ್ಕ್ ಇಪ್ಪುದೇ ತೊಂದ್ರೆ! ನಿನ್ನೆ ಸಂಜೆ ನಾನೇ ಅಂಚ್ ಉಜ್ಜಿ ಮೇಣ ಹಾಕದ್ದ್. ಈ ಮೂಲೆಯಲ್ಲಿ ಕೈ ಜಾರಿ ಉಬ್ಬು ತಗ್ಗ್ ಆಯ್ತ್. ಬೆಳಿಗ್ಗೆ ಸರಿ ಮಾಡ್ವ ಅಂದ್ಕಂಡ್ ಬಿಟ್ಟೆ. ಈಗ ಕಂಡ್ರೆ ಅದೇ ಇಲ್ಲೆ! ಮತ್ತೆ ಈ ಗೀರ್ ಕಾಣ್. ನನ್ನ ಚೀಲದಲ್ಲಿ ಯಾವತ್ತಾರೂ ಗೀರ್ ಕಂಡಿದ್ಯಾ?"

ಹೌದು, ಮೂಲೆಯ ಪಕ್ಕದಲ್ಲೇ ಚರ್ಮದ ಮೇಲೆ ಕೂದಲೆಳೆಯಂಥ ಬಾಗಿದ ಗೆರೆಗಳು— ಒಂದರ ಬದಿಗೆ ಇನ್ನೊಂದು.

ಚೀಲದ ಮರ್ಯಾದೆ ಅಂಚಿನಲ್ಲಿ ಎನ್ನುವವನು ದುಗ್ಗಪ್ಪ. ಮುಂಬೈಯಲ್ಲಿ ಕಲಿತ ವಿದ್ಯೆ. ಕತ್ತರಿಸಿದ ಅಂಚನ್ನು ಹೆರೆದು, ಒದ್ದೆ ಮಾಡಿ, ಬಟ್ಟೆಯಿಂದ ಉಜ್ಜಿ, ಜೇನುಮೇಣ ಕುಡಿಸಿ, ಚರ್ಮದ ಎರಡು ಪದರ ಒಂದೇ ಆಗುವ ತನಕ ಮತ್ತೆ ಉಜ್ಜುತ್ತಿದ್ದ. ಅವನ ಕೈಚಳಕ ಹೊಗಳದವರಿಲ್ಲ. ಹೊಗಳಿಕೆ ಕೇಳಿ ಅವನು ಉಬ್ಬದ ದಿನವೂ ಇಲ್ಲ.

"ಮತ್ಯಾರ್? ರತೀಶನೇ! ಬೀಗದ ಕೈ ಅವ್ನ್ ಹತ್ರವೇ ಇಪ್ಪುದ್. ನಂದನ್ನ ಮಾರಿ ನಕಲಿ ತಂದಿಟ್ಟಿದ್ದ."

ಯಡ್ತರೆಯ ರತೀಶ ಗೋಡೆಗೊರಗಿ ನಿಂತಿದ್ದ. ವರ್ಷಗಳಿಂದ ದುಗ್ಗಪ್ಪನ ಜೊತೆ ಹೊಲಿಯುವವನು. ಬರುವ ತಿಂಗಳು ಮದುವೆ. ಕಳ್ಳನೆಂಬ ಹೆಸರು ಬಂದರೆ ಹೆಣ್ಣಿನ ಕಡೆಯವರು ಸುಮ್ಮನಿರುತ್ತಾರೆಯೇ?

"ನಿನ್ನೆ ಬೀಗ ಹಾಕದ್ದ್ ಯಾರಾ?" ಚಂದಯ್ಯ ರತೀಶನನ್ನು ಕೇಳಿದ.

"ನಾನೇ."

"ಹಿಂದಿನ ಬಾಗ್ಲ್?"

"ಅದ್... ಅದು ಮನೆ ಬದಿಯಿಂದ ಹಾಕುದ್."

"ಮನೆ ಬದಿಯಿಂದ ಯಾರಾರೂ ಬಂದೀರಾ?"

"ಗೊತ್ತಿಲ್ಲೆ."

ಹಾಗೆನ್ನುವಾಗ ಅವನ ಕಣ್ಣು ಆ ಬಾಗಿಲಿನತ್ತ ಹೋಗಿ, ಸರ್ರನೆ ನೆಲಕ್ಕಿಳಿಯಿತು. ಚಂದಯ್ಯ ಕಳ್ಳರನ್ನು ಬೇಕಾದಷ್ಟು ಕಂಡವನು. ಈ ಮುಖ ತನ್ನನ್ನು ಉಳಿಸಿಕೊಳ್ಳುವವನ ಮುಖವಲ್ಲ. ಹಾಗಾದರೆ ಯಾರನ್ನು ಉಳಿಸುತ್ತಿದ್ದಾನೆ?

ದುಗ್ಗಪ್ಪ ಚಪ್ಪಲಿ ಮೆಟ್ಟಿದ. "ನಾನ್ ಠಾಣೆಗೆ ಹೋತೆ!"

ಅಷ್ಟರಲ್ಲಿ ಅವನ ಹೆಂಡತಿ ಅಪ್ಪಿ ಚಹಾ ಹಿಡಿದು ಹಿಂದಿನ ಬಾಗಿಲಿನಿಂದ ಬಂದಳು. ಮುಖ ಬಿಳಿಚಿತ್ತು. ಲೋಟ ಇಡುವಾಗ ಕೈಯ ಗಾಜಿನ ಬಳೆಗಳು ಸದ್ದು ಮಾಡಿದವು. ಚಂದಯ್ಯ ಬಳೆ ನೋಡಿದ, ಗೀರು ನೋಡಿದ. ಹೇಳಿದರೆ ಗೆಳೆಯನ ಎದೆ ಒಡೆಯುತ್ತದೆ. ಹೇಳದಿದ್ದರೆ ಪಾಪದ ಹುಡುಗನೊಬ್ಬನ ಬಾಳು ಹಾಳಾಗುತ್ತದೆ.

"ಕೂಕೊ ದುಗ್ಗ. ಕಳ್ಳತನವೇ ಆಯ್ಲಿಲ್ಲೆ."

"ಎಂತ ಹೇಳ್ತೆ ನೀನ್?"

"ಒಳಗೆ ಕೈ ಹಾಕಿ ಕಾಣ್. ಕಡೇ ಹೊಲಿಗೆ ಎರಡ್ ಸಲ ಹಿಂದೆ ತಿರುಗ್ಸಿ ಗಂಟ್ ಹಾಕುದ್ ನೀನೊಬ್ನೇ ಅಲ್ದಾ? ಗಂಟ್ ಅಲ್ಲೇ ಇತ್ತ್. ಚೀಲ ನಿಂದೇ. ಮೂಲೆ ಮಾತ್ರ ಯಾರೋ ತಿದ್ದೀರ್. ರತೀಶ ತಿದ್ದಿರೆ ಗೀರ್ ಬೀಳ್ತಿರ್ಲಿಲ್ಲೆ. ಚೀಲ ಎದೆಗೊತ್ತಿ ಹಿಡ್ದ್ ಉಜ್ಜುವಾಗ ಬಳೆ ತಾಗಿರೆ ಹೀಂಗೇ ಸಾಲಾಗಿ ಗೆರೆ ಬೀಳುದ್." ಚಂದಯ್ಯ ದನಿ ತಗ್ಗಿಸಿದ. "ತಿದ್ದಿದ್ದ್ ಅಪ್ಪಿ."

ಅಪ್ಪಿಯೇ ಬಾಯಿ ಬಿಟ್ಟಳು.

"ಹೌದ್. ಹೋದ ಚೌತಿಯಿಂದ ನಾನೇ ಮಾಡ್ತಿದ್ದೆ. ನಿಮ್ಮ ಕೈ ನಡುಗುಕೆ ಶುರುವಾಯ್ತ್... ಹೆಂಗೆ ಹೇಳುದ್? ಕೈ ಹೋದ್ರೆ ಜೀವವೇ ಹೋದಂಗೆ ನಿಮ್ಗೆ. ಮುಂಬೈಲಿ ಆ ಸಣ್ಣ ಕೋಣೆಯಲ್ಲಿ ನೀವ್ ಉಜ್ಜುದನ್ನ ಕಂಡ್ ಕಂಡೇ ಕಲ್ತಿದ್ದೆ. ರತೀಶ ಒಂದಿನ ಕಂಡ. ಹೇಳ್ಬೇಡ ಅಂದೆ. ಪಾಪ, ಕಳ್ಳ ಅಂದ್ರೂ ಹೇಳ್ಲಿಲ್ಲೆ."

ದುಗ್ಗಪ್ಪ ತನ್ನ ಕೈಗಳನ್ನು ನೋಡಿಕೊಂಡ. ಅವು ನಡುಗುತ್ತಲೇ ಇದ್ದವು. ಮೇಣ ಒಣಗಿದ ಮೇಲೆ ಅಂಚು ತಾನಾಗಿಯೇ ಸರಿಯಾಗುತ್ತದೆಂದು ಇಷ್ಟು ದಿನ ತನಗೆ ತಾನೇ ಹೇಳಿಕೊಂಡಿದ್ದನಲ್ಲ! ಇವತ್ತು ಗೀರು ಕಂಡದ್ದರಿಂದ ಮಾತ್ರ ಹಾಗೆನ್ನಲಾಗಲಿಲ್ಲ. ನಾಚಿಕೆಯೂ ಅಳುವೂ ಒಟ್ಟಿಗೇ ಬಂದವು. ಎದ್ದು ಹೋಗಿ ರತೀಶನ ಕೈ ಹಿಡಿದುಕೊಂಡ.

"ತಪ್ಪಾಯ್ತ್ ಮಗಾ. ನನ್ನ ಬಾಯಿಗೆ ಬೆಂಕಿ ಬೀಳ್ಲಿ."

"ಬಿಡಿ ದುಗ್ಗಣ್ಣ, ದೊಡ್ಡೋರ್ ಹಂಗೆಲ್ಲ ಹೇಳೂಕಾಗ," ಎಂದ ರತೀಶ ಕಣ್ಣೊರೆಸಿಕೊಂಡ.

ಮಧ್ಯಾಹ್ನ ವಕೀಲರು ಬಂದರು. ಚೀಲವನ್ನು ಬೆಳಕಿಗೆ ಹಿಡಿದು ಅಂಚು ಸವರಿ, "ದುಗ್ಗಪ್ಪನವರೇ, ನಿಮ್ಮ ಕೈಗೆ ಸಾಟಿಯಿಲ್ಲ ಬಿಡಿ" ಎಂದರು.

ಚಂದಯ್ಯ ಗೆಳೆಯನ ಮುಖವನ್ನೇ ನೋಡುತ್ತಿದ್ದ. ದುಗ್ಗಪ್ಪ ಎಂದಿನಂತೆ ಉಬ್ಬಲಿಲ್ಲ. ಹಿಂದಿನ ಬಾಗಿಲಿನತ್ತ ತಿರುಗಿ ಗಟ್ಟಿಯಾಗಿ ಕೂಗಿದ.

"ಹ್ವಾಯ್ ಅಪ್ಪೀ, ಹೊರಗೆ ಬಾ! ವಕೀಲ್ರು ನಿನ್ನ ಕೆಲ್ಸ ಹೊಗಳ್ತಿದ್ರ್. ನೀನೇ ಬಂದ್ ಕೇಳ್."